ಗೋಕುಲ ರೋಡಿನ ಗಗನಯಾನ

ಹುಬ್ಬಳ್ಳಿಯಲ್ಲಿ ವಿಮಾನ ತಪ್ಪಿಸಿಕೊಳ್ಳುವವರ ಪೈಕಿ ಬೆಂಗಳೂರಿನವರು ತೀರ ಕಡಿಮೆ. ದೇವನಹಳ್ಳಿಯ ರೂಢಿಯಿಂದಾಗಿ ಅವರು ಗೋಕುಲ ರೋಡಿನ ಈ ಸಣ್ಣ ನಿಲ್ದಾಣಕ್ಕೂ ಎರಡು ತಾಸು ಮೊದಲೇ ಬಂದು, ಲ್ಯಾಪ್‌ಟಾಪಿಗೊಂದು ಪ್ಲಗ್ ಹುಡುಕಿಕೊಂಡು ಕೂತಿರುತ್ತಾರೆ. ತಪ್ಪಿಸಿಕೊಳ್ಳುವವರು ಊರಿನವರೇ. ಮಾಳಿಗೆ ಹತ್ತಿದರೆ ವಿಮಾನ ಇಳಿಯುವುದು ಕಾಣುತ್ತದಲ್ಲ, ಅದೇ ಕಾರಣ. "ಈಗರ ಬಂತು. ಇನ್ನ ಮಂದಿ ಇಳೀಬೇಕು, ಹತ್ತಬೇಕು. ಇನ್ನೊಂದ ಅರ್ಧ ಕಪ್ ಚಾ ತಾ" ಎನ್ನುವ ಧೈರ್ಯ ಅಲ್ಲಿಂದಲೇ ಹುಟ್ಟುತ್ತದೆ.

ಲೆಕ್ಕ ತಪ್ಪುವುದು ಇಲ್ಲೇ. ಇಳಿದ ವಿಮಾನ ಮತ್ತೆ ಹೊರಡಲು ಸುಮಾರು ಅರ್ಧ ತಾಸು ಸಾಕು. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ವೇಳೆಗಿಂತ 60 ನಿಮಿಷ ಮೊದಲೇ ಬಂದ್, ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು. ಅಂದರೆ ಮಾಳಿಗೆಯ ಮೇಲಿಂದ ವಿಮಾನ ಕಂಡ ಗಳಿಗೆಗೆ ಕೌಂಟರ್ ಮುಚ್ಚಿ ಅರ್ಧ ತಾಸಾಗಿದೆ, ಗೇಟ್ ಮುಚ್ಚಲು ಐದು ನಿಮಿಷ ಉಳಿದಿದೆ. ಚಹಾ ಮಾತ್ರ ಬಿಸಿಯಾಗಿದೆ.

ಕಟ್ಟಡ ಸಣ್ಣದು, ಹಾಗಾಗಿ ಕಾಯ್ದೆಯೂ ಸಣ್ಣದಿರಬೇಕು ಎಂದು ನಂಬಿದವರಿಗೆ ಸಣ್ಣ ಊರಿನ ವಿಮಾನ ನಿಲ್ದಾಣ ದಿನವೂ ಪಾಠ ಮಾಡುತ್ತದೆ. "ಎಪ್ಪತ್ತು ಮಂದಿ ವಿಮಾನಕ್ಕ ಒಂದ್ ತಾಸು ಯಾಕ್ರೀ ಮೇಡಂ?" ಎಂದು ಕೌಂಟರಿನಲ್ಲಿ ವಾದಿಸುವವರಿಗೆ ಗೊತ್ತಿರದ ಸಂಗತಿಯೆಂದರೆ, ವಿಮಾನ ಎಷ್ಟು ಸಣ್ಣದೋ ತೂಕದ ಲೆಕ್ಕ ಅಷ್ಟು ನಾಜೂಕು. ಯಾರು ಮುಂದೆ, ಯಾರು ಹಿಂದೆ, ಯಾವ ಕೋಣೆಯಲ್ಲಿ ಎಷ್ಟು ಕಿಲೋ ಬ್ಯಾಗು ಎಂಬ ಲೋಡ್ ಶೀಟ್ ಪೈಲಟ್ ಕೈ ಸೇರಬೇಕು. ಎಟಿಆರ್ 72 ಎಂಬ ಪಂಖದ ಸಣ್ಣ ವಿಮಾನಕ್ಕೆ ಜನ ಹತ್ತುವುದೇ ಹಿಂಬಾಗಿಲಿನಿಂದ. ಎಲ್ಲರೂ ಬಾಲದಲ್ಲೇ ಗುಂಪುಗಟ್ಟಿದರೆ ಮೂಗು ಮೇಲೇಳಬಾರದೆಂದು ಬಾಲದ ಕೆಳಗೆ ಒಂದು ಊರುಗೋಲನ್ನೇ ಕೊಟ್ಟಿರುತ್ತಾರೆ. ಖಾಲಿ ಸೀಟು ಕಂಡಿತೆಂದು ಗೆಳೆಯನ ಪಕ್ಕಕ್ಕೆ ಹೋಗಿ ಕೂತವರನ್ನು ಸಿಬ್ಬಂದಿ ವಾಪಸ್ ಎಬ್ಬಿಸುವುದು ಸೊಕ್ಕಿನಿಂದಲ್ಲ.

ಇನ್ನೊಂದು ಕಾರಣವೂ ಇದೆ. ಸಣ್ಣ ಸ್ಟೇಷನ್ನಿನಲ್ಲಿ ವಿಮಾನ ಸಂಸ್ಥೆಯ ಸಿಬ್ಬಂದಿ ಬೆರಳೆಣಿಕೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಟ್ಟವರೇ ಗೇಟಿನಲ್ಲಿ ಅದನ್ನು ನೋಡುತ್ತಾರೆ, ಮಳೆ ಬಂದರೆ ಛತ್ರಿ ಹಿಡಿಸುತ್ತಾರೆ, ಇಳಿದವರ ಬ್ಯಾಗು ಬಾರದಿದ್ದರೆ ದೂರನ್ನೂ ಅವರೇ ಬರೆದುಕೊಳ್ಳುತ್ತಾರೆ. ಆದ್ದರಿಂದ ಕೌಂಟರಿನಲ್ಲಿ ಜಗಳ ತೆಗೆದರೆ ಮುಂದಿನ ಮೂರು ಕಡೆಯೂ ಅದೇ ಮುಖ ಎದುರಾಗುತ್ತದೆ.

ಬ್ಯಾಗಿನ ಸಂಗತಿ ಹೇಳದಿರುವಂತಿಲ್ಲ. ಕೈಚೀಲ ಒಂದೇ, 7 ಕಿಲೋ. ಏರ್‌ಬಸ್ಸಿನ ತಲೆಮೇಲಿನ ಕಪಾಟಿಗೆ ಆರಾಮಾಗಿ ಹೋಗುವ ಟ್ರಾಲಿ, ಎಟಿಆರ್ ಕಪಾಟಿಗೆ ಹೋಗುವುದಿಲ್ಲ. ಸಾಹೇಬರು ಅದನ್ನು ಮೂರು ಕೋನಗಳಲ್ಲಿ ತುರುಕಿ ನೋಡುತ್ತಾರೆ. ಕಡೆಗೆ ಸಿಬ್ಬಂದಿ ಮೆಟ್ಟಿಲ ಬುಡದಲ್ಲೇ ಅದನ್ನು ಇಸಿದುಕೊಂಡು ಸಾಮಾನಿನ ಕೋಣೆಗೆ ಹಾಕುತ್ತಾರೆ. ಆಗ ಕೇಳಿಬರುವುದು ಆ ಪ್ರಶ್ನೆ: "ಪವರ್ ಬ್ಯಾಂಕ್ ಇದೆಯಾ ಸರ್?" ಲಿಥಿಯಂ ಬ್ಯಾಟರಿ ಕೋಣೆಯಲ್ಲಿ ಹೊತ್ತಿಕೊಂಡರೆ ಆರಿಸುವವರಿಲ್ಲ, ಹಾಗಾಗಿ ಅದು ಜನರ ಜೊತೆಗೇ ಇರಬೇಕು. ಪವರ್ ಬ್ಯಾಂಕ್ ಯಾವಾಗಲೂ ಪೆಟ್ಟಿಗೆಯ ತಳದಲ್ಲೇ ಇರುತ್ತದೆ. ಹುಬ್ಬಳ್ಳಿಯ ಗಾಳಿಗೆ, ಎಪ್ಪತ್ತು ಮಂದಿಯ ಎದುರು, ಡಾಂಬರಿನ ಮೇಲೆ ಮಂಡಿಯೂರಿ ಒಳಉಡುಪುಗಳನ್ನು ಒಂದೊಂದಾಗಿ ಪಕ್ಕಕ್ಕಿಡುವ ಜನರಲ್ ಮ್ಯಾನೇಜರ್ ಸಾಹೇಬರನ್ನು ನೋಡಿದ ಮೇಲೆ ಅವರ ಮೀಟಿಂಗಿಗೆ ಯಾರೂ ಹೆದರುವುದಿಲ್ಲ. ಬ್ಯಾಟರಿಯನ್ನು ಜೇಬಿನಲ್ಲೋ ಲ್ಯಾಪ್‌ಟಾಪ್ ಚೀಲದಲ್ಲೋ ಇಡಿ. ಮಿತಿ 100 ವ್ಯಾಟ್-ಅವರ್, ಅಂದರೆ ಹೆಚ್ಚುಕಮ್ಮಿ 27,000 ಎಂಎಎಚ್. ಮಾಮೂಲಿ 20,000ದ್ದು 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. ಆದರೆ ಅಕ್ಷರ ಅಳಿಸಿಹೋದ ಪವರ್ ಬ್ಯಾಂಕಿನ ಪರವಾಗಿ ವಾದಿಸಿ ಗೆಲ್ಲುವುದು ಕಷ್ಟ.

ಧಾರವಾಡ ಪೇಢೆಗೆ ತಕರಾರಿಲ್ಲ, ತೂಕದ್ದಷ್ಟೇ. ಒಂದೊಂದು ಕಿಲೋದ ಐದು ಡಬ್ಬಿಗೆ ಲ್ಯಾಪ್‌ಟಾಪು, ಚಾರ್ಜರು, ಕೇಸಿನ ಕಾಗದ ಸೇರಿದರೆ ಏಳು ಕಿಲೋ ದಾಟಿತು. ಬ್ಯಾಡಗಿ ಮೆಣಸಿನ ಪುಡಿ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಒಣಕೊಬ್ಬರಿಯನ್ನಂತೂ ಒಳಗೆ ಬಿಡುವುದಿಲ್ಲ. ಅದರ ಎಣ್ಣೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಗಳು ಇರುವುದರಿಂದ ಇಲ್ಲಿಗೆ ಮಾತ್ರ ಮೀಸಲಾದ ಒಂದು ಫಜೀತಿಯೂ ಉಂಟು: ಗಿರಾಕಿಗೆ ತೋರಿಸಲು ಹೊರಟ ಸ್ಯಾಂಪಲ್. ಎಕ್ಸ್‌ರೇ ಪರದೆಯಲ್ಲಿ ಗಟ್ಟಿ ಉಕ್ಕು ಕಪ್ಪು ಮುದ್ದೆಯಾಗಿ ಕಾಣುತ್ತದೆ. ಅದರ ಜೊತೆಗೊಂದು ಸ್ಪ್ಯಾನರ್ ಇದ್ದರಂತೂ ಚೀಲ ಪೂರ್ತಿ ಬಿಚ್ಚಿಸುತ್ತಾರೆ. ಸ್ಯಾಂಪಲ್ಲನ್ನೂ ಸ್ಪ್ಯಾನರನ್ನೂ ಚೆಕ್‌ಇನ್ ಬ್ಯಾಗಿಗೆ ಹಾಕಿ, ಡ್ರಾಯಿಂಗನ್ನೂ ಕಂಪನಿಯ ಚೀಟಿಯನ್ನೂ ಜೊತೆಗಿಡಿ.

ವಕೀಲರದ್ದು ಬೇರೆಯೇ ಲೆಕ್ಕ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದು ಬರುವ ಹೊಸಬರು "ಏರ್‌ಪೋರ್ಟಿನಿಂದ ಧಾರವಾಡ 20 ಕಿಲೋಮೀಟರ್" ಎಂದು ಓದಿಕೊಂಡು ನಿಶ್ಚಿಂತರಾಗಿರುತ್ತಾರೆ. ಕೋರ್ಟಿರುವುದು ಧಾರವಾಡವನ್ನೂ ದಾಟಿ ಬೇಲೂರಿನ (ಹಾಸನದ್ದಲ್ಲ, ಇಲ್ಲಿಯದೇ) ಹತ್ತಿರ, ಬೆಳಗಾವಿ ದಿಕ್ಕಿಗೆ. ಕಲಾಪ ಶುರುವಾಗುವುದು ಹತ್ತೂವರೆಗೆ. ಟ್ಯಾಕ್ಸಿಯವರಿಗೆ "ಧಾರವಾಡ" ಎನ್ನಬೇಡಿ, "ಹೈಕೋರ್ಟ್" ಎನ್ನಿ.

ಈಗ ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ: ತಡ ಯಾಕೆ? ಹುಬ್ಬಳ್ಳಿಗೆ ಬರುವ ವಿಮಾನ ಹುಬ್ಬಳ್ಳಿಯದಲ್ಲ. ಅದು ಬೆಳಗಿನಿಂದ ಐದಾರು ಊರು ಸುತ್ತುವ, ಹಳ್ಳಿ ಬಸ್ಸಿನಂಥ ಜೀವ. ಬೆಳಗ್ಗೆ ಎಲ್ಲೋ ಇಪ್ಪತ್ತು ನಿಮಿಷ ಹಿಂದೆ ಬಿದ್ದದ್ದು ಸಂಜೆಗೆ ಇಲ್ಲಿ ಒಂದೂವರೆ ತಾಸಾಗಿ ಬೆಳೆದಿರುತ್ತದೆ. ಅಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಅವಧಿ ಮುಗಿಯುತ್ತ ಬಂದಿರುತ್ತದೆ. ಅದರ ಮೇಲೆ ಇಂಥ ನಿಲ್ದಾಣಗಳಿಗೆ ಗೊತ್ತುಪಡಿಸಿದ ಕೆಲಸದ ಹೊತ್ತಿರುತ್ತದೆ. ಆ ಹೊತ್ತು ಮೀರುವಂತಿದ್ದರೆ ಟವರಿನವರೂ ಅಗ್ನಿಶಾಮಕದವರೂ ಹೆಚ್ಚುವರಿ ಕೂರಲು ಮೊದಲೇ ಒಪ್ಪಿಗೆ ಬೇಕು. ದಿನದ ಕೊನೆಯ ವಿಮಾನ ರದ್ದಾಗುವುದರ ಹಿಂದೆ ಬಹಳ ಸಲ ಇರುವುದು ಈ ಎರಡು ಗಡಿಯಾರಗಳು, ಹವಾಮಾನವಲ್ಲ.

ಅಗ್ನಿಶಾಮಕದವರ ಲೆಕ್ಕ ಇನ್ನೂ ಸ್ವಾರಸ್ಯದ್ದು. ವಿಮಾನದ ಉದ್ದಕ್ಕೆ ತಕ್ಕಂತೆ ನಿಲ್ದಾಣದ ಬೆಂಕಿ ಆರಿಸುವ ದರ್ಜೆ ಇರಬೇಕು. 27 ಮೀಟರಿನ ಎಟಿಆರ್ ಐದನೆಯ ದರ್ಜೆ, 37 ಮೀಟರಿನ ಏರ್‌ಬಸ್ ಎ320 ಆರನೆಯದು. ದೊಡ್ಡ ನಿಲ್ದಾಣದಲ್ಲಿ ಒಂದು ವಾಹನ ಕೆಟ್ಟರೆ ಇನ್ನೊಂದಿರುತ್ತದೆ. ಸಣ್ಣದರಲ್ಲಿ ಒಂದು ವಾಹನ ರಿಪೇರಿಗೆ ಹೋಯಿತೆಂದರೆ ದರ್ಜೆಯೇ ಇಳಿಯಬಹುದು. 2,600 ಮೀಟರ್ ರನ್‌ವೇ ಒಣಗಿ ಬಿಸಿಲಿನಲ್ಲಿ ಹೊಳೆಯುತ್ತಿರುತ್ತದೆ, ಆಕಾಶ ನಿರ್ಮಲ. ಆದರೂ ದೊಡ್ಡ ವಿಮಾನ ಇಳಿಯುವಂತಿಲ್ಲ, ಕಾರಣ ಒಂದು ಪಂಪು. ಇದನ್ನು ಮುಖ್ಯ ಕಚೇರಿಗೆ ಫೋನಿನಲ್ಲಿ ವಿವರಿಸಿ ನೋಡಿ, ಯಾರೂ ನಂಬುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಹವಾಮಾನವನ್ನೇ ಬೈಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕೆಳಗೆ ಕೂತಿರುತ್ತದೆ. ನಿಗದಿತ ಎತ್ತರಕ್ಕೆ ಇಳಿದಾಗಲೂ ರನ್‌ವೇ ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು. ಕ್ಯಾಬಿನ್ನಿನಲ್ಲಿ "ಮತ್ತ ಮ್ಯಾಲ ಹೊಂಟ್ತಲ್ರೀ!" ಎಂಬ ಉದ್ಗಾರ ಏಳುತ್ತದೆ. ಅದು ಅಪಘಾತ ತಪ್ಪಿದ್ದಲ್ಲ, ದಿನನಿತ್ಯದ ಕ್ರಮ. ಒಂದೆರಡು ಸುತ್ತಿನ ನಂತರ ಬೆಳಗಾವಿಗೋ ಗೋವೆಗೋ ಹೋಗಬಹುದು, ಇಲ್ಲವೇ ಹೊರಟಲ್ಲಿಗೇ ವಾಪಸ್. ಆಗ ಹುಬ್ಬಳ್ಳಿಯನ್ನು ಕಿಟಕಿಯಿಂದ ನೋಡಿ ಬಂದ ಸಂತೋಷವಾದರೂ ಸಿಗಬೇಕಿತ್ತು. ಮೋಡದಿಂದಾಗಿ ಅದೂ ಇಲ್ಲ.

ಹಾಗಾಗಿ ಕೆಲಸದ ಮೇಲೆ ಓಡಾಡುವವರು ಹೋಗಲು ದಿನದ ಮೊದಲ ವಿಮಾನವನ್ನೇ ಹಿಡಿಯುವುದು ಮೇಲು. ಮರಳಲು ಕೊನೆಯದಕ್ಕಿಂತ ಒಂದು ಹಿಂದಿನದನ್ನು ಬುಕ್ ಮಾಡಿ. ಮನೆ ಬಿಡುವ ಮುನ್ನ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ಹುಬ್ಬಳ್ಳಿಗೆ ಬರುವ ವಿಮಾನ ಹಿಂದಿನ ಊರು ಬಿಟ್ಟಿದೆಯೇ ನೋಡಿಕೊಳ್ಳಿ. ಬಿಟ್ಟಿಲ್ಲವೆಂದು ಗೊತ್ತಾದರೂ ನಿಲ್ದಾಣಕ್ಕೆ ವೇಳೆಗೆ ಸರಿಯಾಗಿಯೇ ಹೋಗಿ. ವಿಮಾನ ತಡವಾಯಿತೆಂದು ಕೌಂಟರ್ ತಡವಾಗಿ ಮುಚ್ಚುತ್ತದೆಂಬ ಭರವಸೆಯಿಲ್ಲ. ಎರಡು ತಾಸು ಮೀರಿ ತಡವಾದರೆ ತಿನ್ನಲು ಕೇಳುವ ಹಕ್ಕಿದೆ. ಆರು ತಾಸು ಮೀರಿದರೆ ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ.

ರದ್ದಾಯಿತೆನ್ನಿ. ಸುದೈವಕ್ಕೆ ಹೊಸ ಬಸ್ ನಿಲ್ದಾಣವೂ ಗೋಕುಲ ರೋಡಿನಲ್ಲೇ ಇದೆ. ಬೆಂಗಳೂರಿನ ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ ಕಂಪನಿಯ ಉಪಾಧ್ಯಕ್ಷರೂ ಕೆಳಗಿನದರಲ್ಲಿ ಮೆಣಸಿನಕಾಯಿ ವ್ಯಾಪಾರಿಯೂ ಪರಿಚಯವಾಗುವುದು ಇಂಥ ರಾತ್ರಿಗಳಲ್ಲೇ. ಆದರೆ ಬಸ್ ಹತ್ತುವ ಅವಸರದಲ್ಲಿ ವಿಮಾನದ ಟಿಕೆಟನ್ನು ನೀವೇ ಆ್ಯಪ್‌ನಲ್ಲಿ ರದ್ದು ಮಾಡಬೇಡಿ. ಮಾಡಿದರೆ ಕ್ಯಾನ್ಸಲೇಶನ್ ಶುಲ್ಕ ನಿಮ್ಮ ತಲೆಗೆ. ಸಂಸ್ಥೆಯ ಸಂದೇಶ ಬರುವವರೆಗೆ ತಡೆಯಿರಿ, ಅದನ್ನು ಉಳಿಸಿಕೊಳ್ಳಿ. ಬುಕ್ ಮಾಡುವಾಗಲೇ ಕಂಪನಿಯ ಜಿಎಸ್‌ಟಿ ನಂಬರ್ ಹಾಕಿರದಿದ್ದರೆ ಮರುದಿನ ಅಕೌಂಟ್ಸ್ ವಿಭಾಗದವರು ಇನ್ನೊಂದು ಸುತ್ತು ವಿಚಾರಣೆ ನಡೆಸುತ್ತಾರೆ: "ವಿಮಾನದ ಬಿಲ್ ಸರಿ ಇಲ್ರೀ ಸರ್. ಮತ್ತ ಈ ಸ್ಲೀಪರ್ ಕೋಚಿಂದು ಯಾವ ಖಾತೆಗೆ ಹಾಕ್ಲಿ?"