ಜ್ಯಾಕ್ ಕಾರ್ಟರ್‌ನನ್ನು ಹೀರೋ ಮಾಡಬೇಡಿ

ಬ್ರಿಟಿಷ್ ಗ್ಯಾಂಗ್‌ಸ್ಟರ್ ಸಿನಿಮಾಗಳ ಮಾತು ಬಂದರೆ ಸಾಕು, ಮೊದಲು ಹೊರಬರುವುದು ಮೈಕಲ್ ಕೇನ್ ಫೋಟೋ. ಕೈಯಲ್ಲಿ ಬಂದೂಕು, ಕಲ್ಲಿನಂಥ ಮುಖ. 1971ರ 'ಗೆಟ್ ಕಾರ್ಟರ್' ಸಿನಿಮಾದ ಜ್ಯಾಕ್ ಕಾರ್ಟರ್ ಅವನು. ಗತ್ತು ಅಂದರೆ ಇದು ಅಂತ ಜನ ಕೊಂಡಾಡುತ್ತಾರೆ. ನನಗೆ ಸಂಕಟವಾಗುತ್ತದೆ. ಆ ಸಿನಿಮಾ ನನಗೆ ತುಂಬಾ ಇಷ್ಟ, ಅದಕ್ಕೇ ಈ ಸಂಕಟ. (ಕಥೆಯ ಕೊನೆಯನ್ನೂ ಹೇಳಲಿದ್ದೇನೆ. ನೋಡದವರು ನೋಡಿ ಬಂದು ಓದಿ.)

ಕಾರ್ಟರ್ ಹುಟ್ಟಿದ್ದು ಪುಸ್ತಕದಲ್ಲಿ. 1970ರಲ್ಲಿ ಬಂದ 'ಜ್ಯಾಕ್ಸ್ ರಿಟರ್ನ್ ಹೋಮ್' ಎಂಬ ಕಾದಂಬರಿ. ಬರೆದವರು ಟೆಡ್ ಲೂಯಿಸ್. ಹಂಬರ್ ನದಿ ದಂಡೆಯ ಬಾರ್ಟನ್‌ನಲ್ಲಿ ಬೆಳೆದು, ಹಲ್ ನಗರದಲ್ಲಿ ಚಿತ್ರಕಲೆ ಕಲಿತವರು. ಬೀಟಲ್ಸ್‌ನ 'ಯೆಲ್ಲೋ ಸಬ್‌ಮರೀನ್' ಕಾರ್ಟೂನ್ ಚಿತ್ರಕ್ಕೂ ಕೆಲಸ ಮಾಡಿದ್ದರು.

ಕಥೆ ಇಷ್ಟೇ. ಜ್ಯಾಕ್ ಲಂಡನ್ನಿನ ಫ್ಲೆಚರ್ ಸಹೋದರರ ಕೈಕೆಳಗಿನ ರೌಡಿ. ಸೋದರ ಫ್ರಾಂಕ್ ಸತ್ತ ಸುದ್ದಿ ಕೇಳಿ ಊರಿಗೆ ಬರುತ್ತಾನೆ. ಕುಡಿದು ಕಾರು ಓಡಿಸಿ ಸತ್ತ ಅಂತ ಎಲ್ಲರೂ ಹೇಳುತ್ತಾರೆ. ಇವನು ನಂಬುವುದಿಲ್ಲ. ಕೆದಕುತ್ತಾ ಹೋಗುತ್ತಾನೆ, ಕೊಲ್ಲುತ್ತಾ ಹೋಗುತ್ತಾನೆ.

ಕಾದಂಬರಿಯಲ್ಲಿ ಇದನ್ನೆಲ್ಲ ಹೇಳುವವನು ಜ್ಯಾಕ್ ತಾನೇ. ಅವನ ಬಾಲ್ಯ, ಫ್ರಾಂಕ್ ಜೊತೆ ಕಳೆದ ದಿನಗಳು, ಒಳಗಿನ ಕಹಿ ಎಲ್ಲ ಅವನ ಬಾಯಲ್ಲೇ ಬರುತ್ತದೆ. ಒಬ್ಬ ಮನುಷ್ಯನ ತಲೆಯೊಳಗೆ ಅಷ್ಟು ಹೊತ್ತು ಕೂತರೆ ಅವನ ಮೇಲೆ ಸ್ವಲ್ಪ ಕನಿಕರ ಹುಟ್ಟಿಯೇ ಹುಟ್ಟುತ್ತದೆ, ಅಲ್ವಾ? ನಿರ್ದೇಶಕ ಮೈಕ್ ಹಾಡ್ಜಸ್ ಆ ದನಿಯನ್ನೇ ತೆಗೆದುಹಾಕಿದರು. ಚಿತ್ರಕಥೆಯೂ ಅವರದೇ, ಸಿನಿಮಾ ಮಂದಿರಕ್ಕೆ ಮಾಡಿದ ಮೊದಲ ಚಿತ್ರವೂ ಅದೇ. ಹಿನ್ನೆಲೆಯಲ್ಲಿ ಜ್ಯಾಕ್‌ನ ಮಾತಿಲ್ಲ, ಹಳೆಯ ನೆನಪುಗಳ ದೃಶ್ಯವಿಲ್ಲ. ಅವನು ಏನು ಮಾಡುತ್ತಾನೋ ಅದು ಮಾತ್ರ ಕಾಣುತ್ತದೆ. ಕ್ಷಮಿಸೋಣ ಅಂದರೂ ನಮಗೆ ನೆಪ ಸಿಗುವುದಿಲ್ಲ.

ಊರನ್ನೂ ಬದಲಿಸಿದರು. ಕಾದಂಬರಿಯದು ಹೆಸರಿಲ್ಲದ ಒಂದು ಉಕ್ಕಿನ ಕಾರ್ಖಾನೆ ಊರು. ಹಾಡ್ಜಸ್ ಅದನ್ನು ಇಂಗ್ಲೆಂಡಿನ ಉತ್ತರದ ನ್ಯೂಕಾಸಲ್‌ಗೆ ತಂದರು. ಅಲ್ಲಿ 1967ರಲ್ಲಿ ಜೂಜಿನ ಯಂತ್ರಗಳ ದಂಧೆಗೆ ಸೇರಿದ ಆಂಗಸ್ ಸಿಬೆಟ್ ಎಂಬಾತನ ಕೊಲೆಯಾಗಿತ್ತು. ಆ ಪ್ರಕರಣದ ನೆರಳು ಸಿನಿಮಾ ಮೇಲೆ ಚೆನ್ನಾಗಿಯೇ ಬಿದ್ದಿದೆ. ಸಿನಿಮಾದಲ್ಲಿ ಕಾಣುವ, ಪಕ್ಕದ ಗೇಟ್ಸ್‌ಹೆಡ್‌ ಊರಿನ ಆ ಕಾಂಕ್ರೀಟ್ ಕಾರ್ ಪಾರ್ಕನ್ನಂತೂ ನೋಡಿದವರು ಮರೆಯುವುದಿಲ್ಲ. 2010ರಲ್ಲಿ ಅದನ್ನು ಕೆಡವಿದರು.

ನನ್ನ ತಕರಾರು ಇಲ್ಲಿಂದ ಶುರು. ಸಿನಿಮಾದ ಮೊದಲ ದೃಶ್ಯ ನೆನಪಿದೆಯಾ? ಲಂಡನ್ನಿನ ಒಂದು ಫ್ಲಾಟ್. ಫ್ಲೆಚರ್ ಸಹೋದರರು ಅಶ್ಲೀಲ ಸ್ಲೈಡ್‌ಗಳನ್ನು ಗೋಡೆ ಮೇಲೆ ಬಿಟ್ಟು ನೋಡುತ್ತಿದ್ದಾರೆ. ಜ್ಯಾಕ್ ಅದೇ ಕೋಣೆಯಲ್ಲಿದ್ದಾನೆ. ಅವನಿಗೆ ಅದರಲ್ಲಿ ವಿಶೇಷ ಏನೂ ಇಲ್ಲ, ದಂಧೆ ಅಷ್ಟೆ. ಮುಂದೆ ನ್ಯೂಕಾಸಲ್‌ನಲ್ಲಿ ಅವನು ಅಂಥದ್ದೇ ಒಂದು ಫಿಲ್ಮ್ ನೋಡುತ್ತಾನೆ. ಅದರಲ್ಲಿರುವುದು ಫ್ರಾಂಕ್‌ನ ಮಗಳು ಡೋರೀನ್, ಇನ್ನೂ ಹುಡುಗಿ. ಬಹುಶಃ ಅವಳು ಜ್ಯಾಕ್‌ನದೇ ಮಗಳು. ಆಗ ಅವನ ಕಣ್ಣಲ್ಲಿ ನೀರು ಬರುತ್ತದೆ. ಅಲ್ಲಿಯವರೆಗೆ ಅವನಿಗೆ ಅನ್ನ ಹಾಕಿದ್ದು ಬೇರೆಯವರ ಮನೆಯ ಹುಡುಗಿಯರ ಇಂಥದ್ದೇ ಚಿತ್ರಗಳು. ಆ ಕಣ್ಣೀರು ನಿಜ. ಆದರೆ ಅದು ಅವನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಸಿನಿಮಾ ಹಾಗೆ ಹೇಳುವುದೂ ಇಲ್ಲ. ಅದೇ ಫಿಲ್ಮ್‌ನಲ್ಲಿದ್ದ ಗ್ಲೆಂಡಾ ಎಂಬ ಹೆಣ್ಣನ್ನು ಅವನೇ ಕಾರಿನ ಡಿಕ್ಕಿಯಲ್ಲಿ ಕೂಡಿಹಾಕಿರುತ್ತಾನೆ. ಬೇರೆಯವರು ಆ ಕಾರನ್ನು ನೀರಿಗೆ ನೂಕುತ್ತಾರೆ. ಇವನು ಸುಮ್ನೆ ನೋಡುತ್ತಾನೆ, ಮುಖ ಅಲುಗುವುದಿಲ್ಲ. ಇದನ್ನು ಗತ್ತು ಅನ್ನುವುದು ಹೇಗೆ? ಆ ಹೆಣ್ಣಿನ ಜೀವಕ್ಕೆ ಬೆಲೆಯೇ ಇಲ್ಲವಾ?

ಕೊನೆಗೆ ಕಲ್ಲಿದ್ದಲ ಕಸ ಸುರಿದು ಕಪ್ಪಾದ ಸಮುದ್ರ ತೀರದಲ್ಲಿ, ಸೇಡು ಮುಗಿಸಿದ ಜ್ಯಾಕ್‌ನ ಹಣೆಗೆ ದೂರದಿಂದ ಗುಂಡು ಬೀಳುತ್ತದೆ. ಹೊಡೆದವನು ದುಡ್ಡಿಗೆ ಕೊಲೆ ಮಾಡುವವನು, ಜ್ಯಾಕ್‌ನಂಥವನೇ. ಮೊದಲ ರೈಲು ಪ್ರಯಾಣದಲ್ಲಿ ಅವನು ಅದೇ ಬೋಗಿಯಲ್ಲಿದ್ದ. ಕಾದಂಬರಿಯಲ್ಲಿ ಜ್ಯಾಕ್ ಬದುಕಿದನೋ ಸತ್ತನೋ ಖಚಿತವಾಗುವುದಿಲ್ಲ. ನನಗೆ ಸಿನಿಮಾದ ಕೊನೆಯೇ ಸರಿ ಅನ್ನಿಸುತ್ತದೆ. ಅವನನ್ನು ಸಾಯಿಸಲು ಪೊಲೀಸರು ಬೇಕಿಲ್ಲ, ದೇವರು ಬೇಕಿಲ್ಲ. ಅವನ ವೃತ್ತಿಯೇ ಸಾಕು.

2000ದಲ್ಲಿ ಹಾಲಿವುಡ್ ಇದನ್ನು ರೀಮೇಕ್ ಮಾಡಿತು. ಸಿಲ್ವೆಸ್ಟರ್ ಸ್ಟಲೋನ್ ಕಾರ್ಟರ್, ಊರು ಸಿಯಾಟಲ್. ಕೇನ್ ಕೂಡ ಒಂದು ಪಾತ್ರ ಮಾಡಿದರು. ಅದರಲ್ಲಿ ಕಾರ್ಟರ್ ಬದುಕುತ್ತಾನೆ. ಅಲ್ಲಿಗೆ ಅದು ಬೇರೆ ಯಾರದೋ ಕಥೆಯಾಯಿತು. ಜಾಸ್ತಿ ಹೇಳಲು ಏನೂ ಇಲ್ಲ.

ಲೂಯಿಸ್ ಬಗ್ಗೆ ಮಾತ್ರ ಹೇಳಲೇಬೇಕು. ತೆರೆಯ ಮೇಲೆ ಸತ್ತ ಕಾರ್ಟರ್‌ನನ್ನು ಇಟ್ಟುಕೊಂಡು ಅವರು ಇನ್ನೆರಡು ಕಾದಂಬರಿ ಬರೆದರು, 1974ರಲ್ಲಿ ಮತ್ತು 1977ರಲ್ಲಿ. ಎರಡೂ ಜ್ಯಾಕ್ ಊರಿಗೆ ಬರುವ ಮುಂಚಿನ ಕಥೆಗಳು. 1980ರಲ್ಲಿ 'ಜಿಬಿಎಚ್' ಎಂಬ ಕಾದಂಬರಿ ಬಂತು. ನನ್ನ ಪ್ರಕಾರ ಅವರ ಬರವಣಿಗೆಯಲ್ಲಿ ಅತ್ಯಂತ ಗಟ್ಟಿಯಾದದ್ದು ಅದೇ. 1982ರಲ್ಲಿ ತೀರಿಕೊಂಡರು, ವಯಸ್ಸು ಬರೀ 42. ಕುಡಿತ ಅವರನ್ನು ಮುಗಿಸಿತ್ತು. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೂರು ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿದಾಗ 'ಗೆಟ್ ಕಾರ್ಟರ್' 16ನೆಯದು. ಅದನ್ನು ನೋಡಲು ಲೂಯಿಸ್ ಇರಲಿಲ್ಲ. ಅವರ ಪುಸ್ತಕವನ್ನೂ ಈಗ ಸಿನಿಮಾದ ಹೆಸರಿನಲ್ಲೇ ಮಾರುತ್ತಾರೆ. ಎಲ್ಲಾದರೂ ಸಿಕ್ಕರೆ ತೆಗೆದುಕೊಂಡು ಓದಿ. ಆಮೇಲೆ ಸಿನಿಮಾವನ್ನು ಇನ್ನೊಮ್ಮೆ ನೋಡಿ, ಈ ಸಲ ಗ್ಲೆಂಡಾಳನ್ನೂ ಡೋರೀನ್‌ಳನ್ನೂ ಗಮನಿಸಿ.