ಕಂದು ಗೆರೆ, ನೀಲಿ ಗೆರೆ

ಹಳೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಮುಖ್ಯವಾಗಿ ಮೂರೇ ಬಣ್ಣ: ನೆಲದ ಏರುತಗ್ಗಿಗೆ ಕಂದು, ನೀರಿಗೆ ನೀಲಿ, ಮನುಷ್ಯರು ಮಾಡಿದ್ದಕ್ಕೆಲ್ಲ ಕಪ್ಪು. ಒಂದೊಂದು ಬಣ್ಣಕ್ಕೂ ಒಂದೊಂದು ತಾಮ್ರದ ಫಲಕ ಕೆತ್ತುತ್ತಿದ್ದ ಕಾಲದ ಏರ್ಪಾಡು ಅದು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಇಂಥ ನಕ್ಷೆಗಳನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಕ್ಯಾನ್ ಮಾಡಿ ಉಚಿತವಾಗಿ ಒದಗಿಸಿರುವುದರಿಂದ, ಬೆಟ್ಟ ಹತ್ತುವ ಕಸುವಿಲ್ಲದ ನನ್ನಂಥವರೂ ಕುಳಿತಲ್ಲೇ ಸಿಯೆರಾ ನೆವಾಡಾ ಶ್ರೇಣಿಯಲ್ಲಿ ಅಲೆಯಬಹುದಾಗಿದೆ.

ನನಗೆ ಅಚ್ಚುಮೆಚ್ಚಿನದು ಆ ಸಂಸ್ಥೆಯ ನಕ್ಷೆಗಾರ ಫ್ರಾಂಸ್ವಾ ಮ್ಯಾಥೆಸ್ 1905–06ರಲ್ಲಿ ಸರ್ವೇ ಮಾಡಿದ ಯೊಸೆಮಿಟಿ ಕಣಿವೆಯ ಹಾಳೆ. 1:24,000 ಪ್ರಮಾಣದ ಆ ನಕ್ಷೆಯಲ್ಲಿ 50 ಅಡಿ ಎತ್ತರಕ್ಕೊಂದು ಸಮೋನ್ನತಿ ರೇಖೆಯಿದೆ, ಅಂದರೆ ಒಂದೇ ಎತ್ತರದ ತಾಣಗಳನ್ನು ಕೂಡಿಸುವ ಗೆರೆ. ಎಲ್ ಕ್ಯಾಪಿಟನ್ ಬಂಡೆ ಸುಮಾರು 3,000 ಅಡಿ ನೆಟ್ಟಗೆ ನಿಂತಿರುವುದರಿಂದ, ಅಲ್ಲಿ ಅರುವತ್ತು ಗೆರೆಗಳು ಕೂದಲೆಳೆಯಷ್ಟು ಜಾಗಕ್ಕಾಗಿ ಜಗಳವಾಡಬೇಕು. ಮ್ಯಾಥೆಸ್ ಅವನ್ನು ಒಟ್ಟಿಗೆ ಒತ್ತರಿಸಿ ಕಂದು ಪಟ್ಟಿಯೊಂದನ್ನು ಬಳಿದು ಕೈತೊಳೆದುಕೊಂಡಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಬಂಡೆಯ ಮುಂಚಾಚು, ಸೀಳು, ಕೊರಕಲುಗಳೆಲ್ಲ ಕಾಣುವಂತೆ ಗೆರೆಗಳನ್ನು ತಿರುವಿದ್ದಾರೆ. ವಿಮಾನದಿಂದ ತೆಗೆದ ಚಿತ್ರಗಳ ನೆರವಿಲ್ಲದೆ, ಮುಕ್ಕಾಲಿಯ ಮೇಲೆ ಹಲಗೆಯಿಟ್ಟು, ದುರ್ಬೀನಿನಲ್ಲಿ ಗುರಿ ಹಿಡಿದು ಮಾಡಿದ ಕೆಲಸವಿದು.

ಹಳೆಯ ಹಾಳೆಯನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟರೆ ಕಂದು ಬಣ್ಣದ್ದು ಅಷ್ಟೇನೂ ತಕರಾರಿಲ್ಲ, ನಂಬುವಂತಿಲ್ಲದ್ದು ಉಳಿದೆರಡನ್ನು. ಹೆಚ್ ಹೆಚಿ ಕಣಿವೆಯಲ್ಲಿ ಟುವಾಲಮಿ ನದಿ ಮೊದಲು ಬಳುಕುವ ತೆಳು ನೀಲಿ ಗೆರೆಯಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ನೀರಿಗಾಗಿ ಉದ್ಯಾನದೊಳಗೇ ಅಣೆಕಟ್ಟು ಕಟ್ಟಲು 1913ರ ರೇಕರ್ ಕಾಯ್ದೆ ಒಪ್ಪಿಗೆ ಕೊಟ್ಟಿತು. 1923ರಲ್ಲಿ ಓಶಾನೆಸಿ ಅಣೆಕಟ್ಟು ಮುಗಿದು, ಗೆರೆಯಿದ್ದಲ್ಲಿ ನೀಲಿ ಹಾಸು ಬಂದಿತು. ಮುಳುಗಿದ ತಳ ಹೇಗಿತ್ತೆಂದು ತಿಳಿಯಲು ಹಳೆಯ ಹಾಳೆಯನ್ನೇ ಕೇಳಬೇಕು. ಲಯೆಲ್ ಶಿಖರದ ಮಗ್ಗುಲಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿನ ಹಿಮನದಿ ಕುಗ್ಗುತ್ತ ಬಂದು, ಅದರ ಚಲನೆ ನಿಂತೇಹೋಗಿದೆಯೆಂದು 2013ರಲ್ಲಿ ಪ್ರಕಟವಾಯಿತು.

ಉದ್ಯಾನದ ಎಲ್ಲೆಯನ್ನು ತೋರುವ ಕಪ್ಪು ಗೆರೆಯ ಚಪಲಚಿತ್ತ ಇನ್ನೂ ಸ್ವಾರಸ್ಯದ್ದು. 1890ರಲ್ಲಿ ಉದ್ಯಾನವಾದಾಗ ಮಿನರೆಟ್ಸ್ ಎಂಬ ಮೊನಚು ಶಿಖರಗಳೂ ಅದರೊಳಗಿದ್ದವು. 1905ರಲ್ಲಿ, ಗಣಿಯವರ ಮತ್ತು ಮರ ಕಡಿಯುವವರ ಕಣ್ಣು ಆ ಸೀಮೆಯ ಮೇಲಿದ್ದಾಗ, ಅಮೆರಿಕದ ಸಂಸತ್ತು ಎಲ್ಲೆಯನ್ನು ಹಿಂದೆಳೆದು ಅವನ್ನು ಹೊರಗಿಟ್ಟಿತು. 1964ರ ಕಾಯ್ದೆ ಅದೇ ಸೀಮೆಯನ್ನು ಮಿನರೆಟ್ಸ್ ವನ್ಯಪ್ರದೇಶವೆಂದು ಕಾಪಿಟ್ಟಿತು. 1984ರಲ್ಲಿ ಅದನ್ನು ಹಿಗ್ಗಿಸಿ, ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಹೆಸರನ್ನಿಟ್ಟರು. ಗಣಿಯವರಿಗೆಂದು ಬಿಟ್ಟುಕೊಟ್ಟ ಬೆಟ್ಟಕ್ಕೆ ಕಾವಲು ಮರಳಿ ಸಿಕ್ಕಿದರೂ, ಉದ್ಯಾನದ ಎಲ್ಲೆ ಮಾತ್ರ ಇಂದಿಗೂ ಅದನ್ನು ಒಳಗೆ ಕರೆದುಕೊಂಡಿಲ್ಲ.