ಮುಟ್ಟಿದರೆ ಬರೆಯುವ ಬೋರ್ಡು, ಮುಟ್ಟಬಾರದ ಮಕ್ಕಳು

ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದ ದಿನ ಮೊದಲು ಆಗಬೇಕಾದ್ದು ಪೂಜೆ. ಮಾಡಿ, ಅಡ್ಡಿಯಿಲ್ಲ. ಆದರೆ ಕುಂಕುಮ, ವಿಭೂತಿಯನ್ನು ಪರದೆಯ ಚೌಕಟ್ಟಿನ ಒಳಅಂಚಿಗೆ ಮಾತ್ರ ಹಚ್ಚಬೇಡಿ. ನಮ್ಮ ಶಾಲೆಗಳಿಗೆ ಬರುವ 65, 75 ಇಂಚಿನ ಪ್ಯಾನೆಲ್‌ಗಳಲ್ಲಿ ಅನೇಕವು ಬೆರಳನ್ನು ಗುರುತಿಸುವುದು ಒಂದು ಅಂಚಿನಿಂದ ಇನ್ನೊಂದಕ್ಕೆ ಹಾಯುವ ಇನ್‌ಫ್ರಾರೆಡ್ ಕಿರಣಗಳಿಂದ. ಅಲ್ಲಿ ಕುಂಕುಮವೋ ಸೀಮೆಸುಣ್ಣದ ಪುಡಿಯೋ ಕೂತರೆ, ಇಲ್ಲವೇ ಕಿಟಕಿಯಿಂದ ನೇರ ಬಿಸಿಲು ಬಿದ್ದರೆ, ಯಾರೂ ಮುಟ್ಟದೆಯೇ ಬೋರ್ಡು ತಾನಾಗಿ ಗೀಚಲು ಶುರುಮಾಡುತ್ತದೆ. ಆ ಕೊಠಡಿಯಲ್ಲಿ ವರ್ಷವಿಡೀ ಯಾರೂ ಹೇಳದೆ ನಡೆದ ಚಟುವಟಿಕೆ ಅದೊಂದೇ ಎಂದು ಗೊತ್ತಾದರೆ ಮುಜುಗರ.

ಪೂಜೆಯಾದ ಮೇಲೆ ಪರದೆಯ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಫಲಕ: ‘ವಿದ್ಯಾರ್ಥಿಗಳು ಮುಟ್ಟಬಾರದು’. ಒಂದೇ ಸಲಕ್ಕೆ ಇಪ್ಪತ್ತು ಬೆರಳು ಗುರುತಿಸುತ್ತದೆ ಎಂದು ಹೇಳಿ ಮಾರಿದವರು ಹೋದ ಮೇಲೆ ಅದಕ್ಕೆ ಪರಿಚಯ ಉಳಿಯುವುದು ಒಂದೇ ಬೆರಳಿನದು, ಅದೂ ‘ಮುಂದಿನ ಸ್ಲೈಡ್’ ಒತ್ತುವ ಮೇಷ್ಟ್ರ ಬೆರಳು. ಪೆನ್ನು ಹೆಡ್‌ಮಾಸ್ಟರ ಬೀರುವಿನಲ್ಲಿ, ಬೀರುವಿನ ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲಿ, ಹೆಡ್‌ಮಾಸ್ಟರು ಬಿಇಒ ಆಫೀಸಿನ ಮೀಟಿಂಗಿನಲ್ಲಿ. ಇದಕ್ಕೆ ಇಂಟರ್ಯಾಕ್ಟಿವ್ ಪ್ಯಾನೆಲ್ ಎಂದು ಹೆಸರು.

ಇನ್ನು ಪಿಪಿಟಿ ತಯಾರಿ. ಪಠ್ಯಪುಸ್ತಕದ ಪಿಡಿಎಫ್ ತೆರೆದು, ಪ್ಯಾರಾ ಪ್ಯಾರಾ ಎತ್ತಿ, ಸ್ಲೈಡಿಗೆ ಸುರಿಯಿರಿ. ಒಂದು ಸ್ಲೈಡಿಗೆ 14 ಸಾಲು, 16 ಪಾಯಿಂಟ್ ಅಕ್ಷರ, ಕಡುನೀಲಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣ. ಅಪ್ಪಿತಪ್ಪಿ 28 ಪಾಯಿಂಟಿಗೆ ಏರಿಸಿದರೆ ಕೊನೇ ಬೆಂಚಿನವರೂ ಓದಿಬಿಡುತ್ತಾರೆ. ಆಮೇಲೆ ಅವರನ್ನು ಯಾಕೆ ಕೂರಿಸಿಕೊಂಡಿದ್ದೀರಿ ಎಂಬ ಪ್ರಶ್ನೆ ಬರುತ್ತದೆ. ಶೀರ್ಷಿಕೆಯ ಜಾಗದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದಷ್ಟೇ ಇರಲಿ, ಮುಂದಿನ ಸ್ಲೈಡಿಗೆ ‘ದ್ಯುತಿಸಂಶ್ಲೇಷಣೆ (ಮುಂದುವರಿದಿದೆ)’, ಅದರ ಮುಂದಿನದಕ್ಕೂ ಅದೇ. ‘ಎಲೆ ಗಾಳಿಯನ್ನು ಹಿಡಿದು ಸಕ್ಕರೆ ಮಾಡುತ್ತದೆ’ ಎಂದು ಪೂರ್ತಿ ವಾಕ್ಯವನ್ನೇ ಶೀರ್ಷಿಕೆಯಾಗಿ ಹಾಕಿ, ಕೆಳಗೆ ಆ ವಾಕ್ಯಕ್ಕೆ ಸಾಕ್ಷಿಯಾಗುವ ಒಂದೇ ಚಿತ್ರ ಇಟ್ಟರೆ ಮಗುವಿಗೆ ವಿಷಯ ಏನೆಂದು ತಕ್ಷಣ ಗೊತ್ತಾಗಿಬಿಡುವ ಅಪಾಯವಿದೆ.

ಸುರಿದದ್ದನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಿ. ರಿಚರ್ಡ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ: ಚಿತ್ರದ ಜೊತೆ ಮಾತು ಸಾಕು, ಅದೇ ಮಾತನ್ನು ಪರದೆಯ ಮೇಲೂ ಬರೆದು ತೋರಿಸಿದರೆ ಕಲಿಕೆ ಕುಗ್ಗುತ್ತದೆ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ, ಎರಡನ್ನೂ ತಾಳೆ ಹಾಕುವುದರಲ್ಲೇ ತಲೆಯ ಶಕ್ತಿಯೆಲ್ಲ ಖರ್ಚಾಗಿ ಚಿತ್ರ ನೋಡಲು ಪುರುಸೊತ್ತೇ ಇರುವುದಿಲ್ಲ. ಇದೊಂದನ್ನು ನಾವು ಯಾರ ತರಬೇತಿಯೂ ಇಲ್ಲದೆ ಕರಗತ ಮಾಡಿಕೊಂಡಿದ್ದೇವೆ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಸೌಲಭ್ಯ ಇದೆ. ಮನೆಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಪೆನ್‌ಡ್ರೈವಿನಲ್ಲಿ ತಂದು ಶಾಲೆಯ ಪ್ಯಾನೆಲ್‌ಗೆ ಚುಚ್ಚಿ. ಅಲ್ಲಿ ಆ ಫಾಂಟ್ ಇರುವುದಿಲ್ಲ. ‘ಕನ್ನಡ’ ಎಂದು ಬರೆದದ್ದು ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ ಆಗಿ ಸಾಲುಗಟ್ಟಿ ನಿಲ್ಲುತ್ತದೆ. ಮಕ್ಕಳು ಇಡೀ ಪೀರಿಯಡ್ಡಿನಲ್ಲಿ ಮನಸ್ಸಿಟ್ಟು ನೋಡುವುದು ಈ ಸ್ಲೈಡನ್ನೇ. ಒಂದಿಬ್ಬರು ಯಾವ ಗುರುತಿಗೆ ಯಾವ ಅಕ್ಷರ ಎಂದು ಪತ್ತೆ ಮಾಡಲೂ ಹೊರಡುತ್ತಾರೆ. ಪಠ್ಯವನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸಿ ತುಂಗಾ, ನಿರ್ಮಲಾದಂಥ ಫಾಂಟಿನಲ್ಲಿ ಇಟ್ಟಿದ್ದರೆ, ಸೇವ್ ಮಾಡುವಾಗ ಫಾಂಟನ್ನು ಕಡತದೊಳಗೇ ಸೇರಿಸುವ ಗುಂಡಿ ಒತ್ತಿದ್ದರೆ, ಅಥವಾ ಒಂದು ಪಿಡಿಎಫ್ ಪ್ರತಿಯನ್ನಾದರೂ ಜೊತೆಗೆ ತಂದಿದ್ದರೆ ಈ ಲಿಪಿಶಾಸ್ತ್ರದ ಅವಕಾಶ ತಪ್ಪುತ್ತಿತ್ತು.

ಈ ಪಿಪಿಟಿ ಮಾಡುವ ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ, ಮೆಕಿಂತೋಷ್ ಕಂಪ್ಯೂಟರಿಗಾಗಿ. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಕಂಪನಿಯ ಮೀಟಿಂಗಿನಲ್ಲಿ ಎದುರು ಕೂತವರನ್ನು ಒಪ್ಪಿಸಿ ತಲೆಯಾಡಿಸಿಕೊಳ್ಳಲು ಮಾಡಿದ ಸಾಧನ ಅದು. ನಾವು ಸಾಧನದ ಜೊತೆ ತಲೆಯಾಡಿಸುವುದನ್ನೂ ಶಾಲೆಗೆ ತಂದುಕೊಂಡೆವು.

ಆ ತಲೆಯಾಟಕ್ಕೆ ನಮ್ಮಲ್ಲಿ ಧ್ವನಿಯೂ ಇದೆ. ಮೇಷ್ಟ್ರು ಪರದೆಯ ಕಡೆ ಮುಖ ಮಾಡಿಕೊಂಡೇ ಕೇಳುತ್ತಾರೆ, ‘ಅರ್ಥ ಆಯ್ತಾ?’ ಅರವತ್ತು ಗಂಟಲು ಒಂದೇ ಶ್ರುತಿಯಲ್ಲಿ, ‘ಆಯ್ತೂ ಸಾರ್.’ ವರದಿಯಲ್ಲಿ ಇದು ‘ಸಂವಾದಾತ್ಮಕ ಬೋಧನೆ, ವಿದ್ಯಾರ್ಥಿಗಳ ಭಾಗವಹಿಸುವಿಕೆ ಶೇ. 100’. ಇಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಬಿಡುವು ಇರಕೂಡದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಬರೀ ಮೂರು ಸೆಕೆಂಡು. ಆದರೆ ಆ ಮೂರು ಸೆಕೆಂಡಿನಲ್ಲೇ ಹೆಡ್‌ಮಾಸ್ಟರು ವರಾಂಡದಲ್ಲಿ ಹಾದುಹೋಗಿ ‘ಏನ್ ಸಾರ್, ಪಾಠ ನಡೀತಿಲ್ವಾ?’ ಎಂದು ಕೇಳಿದರೆ ಯಾರು ಹೊಣೆ?

ಮಾನ ಉಳಿಸಲು ಕ್ವಿಜ್ ಆ್ಯಪ್‌ಗಳಿವೆ. ಕಹೂಟ್‌ನಂಥವುಗಳಲ್ಲಿ ಸರಿಯುತ್ತರ ಬೇಗ ಒತ್ತಿದವನಿಗೆ ಅಂಕ ಹೆಚ್ಚು. ಯೋಚಿಸಿದವನು ಸೋಲುತ್ತಾನೆ, ಬೆರಳು ಚುರುಕಾದವನು ಗೆಲ್ಲುತ್ತಾನೆ, ಸಂಗೀತ ಬೇರೆ ಬರುತ್ತದೆ. ಪ್ರಶ್ನೆಯ ಸಮಯ ಸಾಮಾನ್ಯವಾಗಿ 20 ಸೆಕೆಂಡಿಗೆ ನಿಂತಿರುತ್ತದೆ, ಅದನ್ನು ಹೆಚ್ಚಿಸಬಹುದು. ಹೆಚ್ಚಿಸಬೇಡಿ, ಯೋಚನೆ ನುಸುಳುತ್ತದೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲವಲ್ಲ ಎಂದರೆ ಅದಕ್ಕೆ ಪ್ಲಿಕರ್ಸ್ ಇದೆ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು, ಅದರಲ್ಲಿ ಕ್ಯೂಆರ್ ಕೋಡಿನಂಥ ಕಪ್ಪು ಆಕೃತಿ; ಯಾವ ಬದಿಯನ್ನು ಮೇಲೆ ಮಾಡಿ ಹಿಡಿದರೆ ಆ ಉತ್ತರ. ಮೇಷ್ಟ್ರ ಒಂದೇ ಫೋನಿನ ಕ್ಯಾಮೆರಾ ಇಡೀ ತರಗತಿಯನ್ನು ಓದಿಕೊಳ್ಳುತ್ತದೆ. ಇದನ್ನು ಕೆಡಿಸುವ ಬಗೆ ನಮಗೆ ಗೊತ್ತಿದೆ: ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಬೇಕು. ಟ್ಯೂಬ್‌ಲೈಟ್ ಅದರ ಮೇಲೆ ಹೊಳೆದು ಕ್ಯಾಮೆರಾ ಕುರುಡಾಗುತ್ತದೆ. ಹೊಳಪಿಲ್ಲದ ದಪ್ಪ ಕಾಗದದಲ್ಲಿ ಮುದ್ರಿಸಿ, ಬೆರಳು ಆಕೃತಿಯ ಮೇಲೆ ಬಾರದಂತೆ ಅಂಚು ಹಿಡಿಯಲು ಹೇಳಿಕೊಟ್ಟರೆ ಕೆಲಸ ಮಾಡಿಬಿಡುತ್ತದೆ.

ಇದಕ್ಕಿಂತ ಅಗ್ಗದ ಕುತಂತ್ರವೂ ಒಂದಿದೆ. ಒಂದನೇ ಉತ್ತರಕ್ಕೆ ಒಂದು ಬೆರಳು, ನಾಲ್ಕನೆಯದಕ್ಕೆ ನಾಲ್ಕು; ಕೈಯನ್ನು ಎದೆಗೆ ತಾಗಿಸಿ ಹಿಡಿಯಬೇಕು, ಹಿಂದಿನವರಿಗೂ ಪಕ್ಕದವರಿಗೂ ಕಾಣಬಾರದು, ‘ತೋರಿಸಿ’ ಎಂದಾಗ ಎಲ್ಲರೂ ಒಟ್ಟಿಗೇ ತೋರಿಸಬೇಕು. ವೆಚ್ಚ ಸೊನ್ನೆ. ಟೆಂಡರ್ ಕರೆಯಲು ಬರುವುದಿಲ್ಲವಾದ್ದರಿಂದ ಇದು ಯಾವ ಯೋಜನೆಯಲ್ಲೂ ಸೇರುವ ಸಂಭವವಿಲ್ಲ.

ಆದರೆ ಬೆರಳಾಗಲಿ ಬೋರ್ಡಾಗಲಿ, ಕೊನೆಗೆ ಅಪಾಯ ಇರುವುದು ಪ್ರಶ್ನೆಯಲ್ಲಿ. ‘ದ್ಯುತಿಸಂಶ್ಲೇಷಣೆ ನಡೆಯುವುದು ಎಲ್ಲಿ? ಬೇರು, ಎಲೆ, ಹೂವು, ಇವು ಯಾವುವೂ ಅಲ್ಲ’: ಇದು ಸುರಕ್ಷಿತ ಪ್ರಶ್ನೆ, ನೂರಕ್ಕೆ ತೊಂಬತ್ತೈದು ಸರಿ, ಗ್ರಾಫ್ ಗೋಪುರದಂತೆ ಎದ್ದು ನಿಲ್ಲುತ್ತದೆ, ಸ್ಕ್ರೀನ್‌ಶಾಟ್ ಫೈಲಿಗೆ ಹೋಗುತ್ತದೆ. ಅದರ ಬದಲು ಯಾರಾದರೂ ಹೀಗೆ ಕೇಳಿದರು ಎನ್ನಿ: ‘ಹಲಸಿನ ಬೀಜ ನೆಟ್ಟಿರಿ, ಮೂವತ್ತು ವರ್ಷಕ್ಕೆ ದೊಡ್ಡ ಮರವಾಯಿತು. ಕಡಿದು ಚೆನ್ನಾಗಿ ಒಣಗಿಸಿದ ಮೇಲೂ ನೂರಾರು ಕೆಜಿ ತೂಗುತ್ತದೆ. ಆ ತೂಕದ ಬಹುಪಾಲು ಬಂದದ್ದು ಎಲ್ಲಿಂದ? ಒಂದು, ಮಣ್ಣಿನಿಂದ. ಎರಡು, ಬೇರು ಹೀರಿದ ನೀರಿನಿಂದ. ಮೂರು, ಗಾಳಿಯಿಂದ. ನಾಲ್ಕು, ಬಿಸಿಲಿನಿಂದ.’

ನೋಡಿ, ನಾಲ್ಕಕ್ಕೂ ಜನ ಸಿಗುತ್ತಾರೆ. ಗೊಬ್ಬರ ಹಾಕಿದ್ದನ್ನು ಮನೆಯಲ್ಲಿ ಕಂಡ ಮಗು ಮಣ್ಣು ಎನ್ನುತ್ತದೆ. ನೀರು ಎನ್ನುವ ಮಗುವಿಗೆ ಹೆಲ್ಮಾಂಟ್ ಎಂಬ ಹಳೆಯ ವಿಜ್ಞಾನಿಯ ಬೆಂಬಲವೇ ಇದೆ: ಸುಮಾರು 90 ಕೆಜಿ ಮಣ್ಣಿನಲ್ಲಿ ನೀರವಂಜಿ ಜಾತಿಯ ಗಿಡ ನೆಟ್ಟು, ಐದು ವರ್ಷ ನೀರು ಬಿಟ್ಟು ಬೇರೇನೂ ಹಾಕದೆ ಬೆಳೆಸಿದ. ಮರ ಸುಮಾರು 74 ಕೆಜಿ ಏರಿತು, ಮಣ್ಣು ಇಳಿದದ್ದು 60 ಗ್ರಾಮೂ ಇಲ್ಲ. ಹಾಗಾದರೆ ಎಲ್ಲವೂ ನೀರೇ ಎಂದು ತೀರ್ಮಾನಿಸಿದ; 1648ರಲ್ಲಿ, ಅವನು ತೀರಿಕೊಂಡ ಮೇಲೆ, ಅದು ಅಚ್ಚಾಯಿತು. ಬಿಸಿಲು ಎನ್ನುವವರು ಶಕ್ತಿಗೂ ವಸ್ತುವಿಗೂ ಗಂಟು ಹಾಕಿದವರು. ಗಾಳಿಗೆ ತೂಕವೆಲ್ಲಿದೆ ಎಂದು ನಗುವವರು ಸರಿಯುತ್ತರವನ್ನೇ ಮೊದಲು ಬಿಟ್ಟುಬಿಡುತ್ತಾರೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಅದು ಬಂದದ್ದು ಎಲೆ ಹಿಡಿದ ಇಂಗಾಲದ ಡೈಆಕ್ಸೈಡಿನಿಂದ. ಹೀಗೆ ಪ್ರತಿ ತಪ್ಪು ಉತ್ತರದ ಹಿಂದೆಯೂ ಒಂದು ಕಾರಣ ಕೂತಿರುವ ಪ್ರಶ್ನೆ ತರಗತಿಯ ಶಿಸ್ತಿಗೆ ಮಾರಕ. ‘ಇವು ಯಾವುವೂ ಅಲ್ಲ’ದಂಥ ಖಾಲಿ ಕುರ್ಚಿ ಇದರಲ್ಲಿ ಇರುವುದಿಲ್ಲ.

ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಇಂಥ ಪ್ರಶ್ನೆಗಳಿಂದಲೇ ತರಗತಿ ಕೆಡಿಸುತ್ತ ಬಂದವರು. ಕ್ರಮ ಹೀಗೆ. ಒಂದೆರಡು ನಿಮಿಷ ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ ಮತ ಹಾಕಬೇಕು. ಶೇ. 30ಕ್ಕಿಂತ ಕಡಿಮೆ ಸರಿಯಿದ್ದರೆ ಮಾತಾಡಿಸಿ ಪ್ರಯೋಜನವಿಲ್ಲ, ಪಾಠವನ್ನೇ ಮತ್ತೆ ಹೇಳಬೇಕು. ಶೇ. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬೇಕು. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಹುಡುಕಿಕೊಂಡು ಎರಡರಿಂದ ನಾಲ್ಕು ನಿಮಿಷ ವಾದ ಮಾಡಿ ಮತ್ತೆ ಮತ ಹಾಕಬೇಕು. ವಿವರಣೆ ಆಮೇಲೆ.

ಇದನ್ನು ವಿಫಲಗೊಳಿಸುವುದು ಸುಲಭ. ಮೊದಲ ಮತದಾನದ ಗ್ರಾಫನ್ನು ಚರ್ಚೆಗೆ ಮುಂಚೆಯೇ ಪರದೆಯ ಮೇಲೆ ತೋರಿಸಿಬಿಡಿ. ಯಾವ ಕಂಬ ಎತ್ತರವೋ ಆ ಕಡೆ ಇಡೀ ತರಗತಿ ಹಾರುತ್ತದೆ. ಪಕ್ಷಾಂತರ ನಿಷೇಧ ಕಾಯ್ದೆ ಒಂಬತ್ತನೇ ‘ಬಿ’ ವಿಭಾಗಕ್ಕೆ ಅನ್ವಯಿಸುವುದಿಲ್ಲ, ರೆಸಾರ್ಟಿನ ಖರ್ಚೂ ಇಲ್ಲ. ಚರ್ಚೆಯ ಹೊತ್ತಿನಲ್ಲಿ ಮುಂದಿನ ಸ್ಲೈಡು ಹೊಳೆಯುತ್ತಿರಲಿ, ಕಣ್ಣೆಲ್ಲ ಅಲ್ಲೇ ಇರುತ್ತದೆ. ಸ್ಲೈಡ್‌ಶೋ ನಡೆಯುವಾಗ ಕೀಬೋರ್ಡಿನ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಮರಳುತ್ತದೆ. ಆ ಗುಂಡಿಯ ಮೇಲೆ ಟೇಪ್ ಅಂಟಿಸುವುದು ಕ್ಷೇಮ. ಕಪ್ಪು ಪರದೆಯ ಮುಂದೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಷ್ಟರ ಮೇಲೆ ಲೆಕ್ಕ ಹಾಕಿ: ಒಂದು ಪ್ರಶ್ನೆಗೆ ಏಳೆಂಟು ನಿಮಿಷ, ನಡುವೆ ಪಾಠವನ್ನೂ ಹೇಳಬೇಕು, ಅಲ್ಲಿಗೆ 40 ನಿಮಿಷದ ಪೀರಿಯಡ್ಡಿಗೆ ಎರಡು, ಹೆಚ್ಚೆಂದರೆ ಮೂರು. ಉಳಿದ 52 ಸ್ಲೈಡು ಯಾರ ಮನೆಗೆ ಹೋಗಬೇಕು? ಪೋರ್ಷನ್?

ಕಾಲೇಜುಗಳದ್ದು ಬೇರೆ ದರ್ಜೆ. ಅಲ್ಲಿ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಇದೆ. ಐಸಿಟಿ, ಅಂದರೆ ಕಂಪ್ಯೂಟರ್, ಪರದೆಯಂಥ ಸೌಲಭ್ಯದ ಕೊಠಡಿಗಳ ವಿವರ ಬರೆಯಬೇಕು, ಜಿಯೋಟ್ಯಾಗ್ ಇರುವ ಫೋಟೊ ಲಗತ್ತಿಸಬೇಕು. ಪರದೆ ಎದ್ದು ಕಾಣಬೇಕಾದರೆ ಫೋಟೊ ತೆಗೆಯುವಾಗ ಲೈಟು ಆರಿಸಬೇಕು; ಆರಿಸಿದರೆ ಮಕ್ಕಳು ಕಾಣುವುದಿಲ್ಲ; ಅಕ್ಷಾಂಶ ರೇಖಾಂಶ ಸ್ಪಷ್ಟವಾಗಿ ಕಾಣುವುದರಿಂದ ತೊಂದರೆಯಿಲ್ಲ. ‘ವಿದ್ಯಾರ್ಥಿ ಕೇಂದ್ರಿತ ಕಲಿಕೆ’ ಕುರಿತ ಏಕದಿನ ಕಾರ್ಯಾಗಾರವಂತೂ ಕಡ್ಡಾಯ. ಪ್ರಾರ್ಥನೆ, ದೀಪ, ಹೂಗುಚ್ಛ, ಅಧ್ಯಕ್ಷೀಯ ಭಾಷಣ ಮುಗಿದು ಸಂಪನ್ಮೂಲ ವ್ಯಕ್ತಿ ಮೈಕು ಹಿಡಿಯುವಾಗ ಹನ್ನೊಂದೂ ಮುಕ್ಕಾಲು. ‘ಉಪನ್ಯಾಸ ಪದ್ಧತಿಯ ದೋಷಗಳು’ ಎಂಬ ವಿಷಯದ ಮೇಲೆ ಊಟದವರೆಗೆ ಒಂದೇ ಸಮನೆ ಉಪನ್ಯಾಸ. ಊಟವಾದ ಮೇಲೆ ಗುಂಪು ಚಟುವಟಿಕೆ, ಅಂದರೆ ಚಾರ್ಟ್ ಪೇಪರು, ಸ್ಕೆಚ್ ಪೆನ್ನು, ಅಕ್ಷರ ಚೆಂದ ಇರುವವರೊಬ್ಬರು. ನಾಲ್ಕು ಗಂಟೆಗೆ ಫೀಡ್‌ಬ್ಯಾಕ್ ಫಾರಂ: ಎಲ್ಲ ಕಾಲಮ್ಮಿಗೂ ‘ಅತ್ಯುತ್ತಮ’ ಟಿಕ್ ಹಾಕಿ ಕೊಟ್ಟವರಿಗೆ ಪ್ರಮಾಣಪತ್ರ.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಕೆಲವೊಮ್ಮೆ ಅವಘಡ ತಪ್ಪುವುದಿಲ್ಲ. ಹಲಸಿನ ಮರದ ಪ್ರಶ್ನೆ ಹೇಗೋ ಸೋರಿ, ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಅಷ್ಟೂ ತೂಕ ಗಾಳಿಯಿಂದ ಬಂದಿದ್ರೆ, ಸೌದೆ ಉರಿಸಿದಾಗ ಅಷ್ಟೂ ವಾಪಸ್ ಗಾಳಿಗೇ ಹೋಗುತ್ತಾ? ಮತ್ತೆ ಬೂದಿ ಎಲ್ಲಿಂದ ಬಂತು?’ ಎಂದು ಕೇಳಬಹುದು. ಗಾಬರಿಯಾಗಬೇಡಿ. ‘ಬೂದಿಯಷ್ಟೇ ಮಣ್ಣಿನ ಪಾಲು’ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಮುಗುಳ್ನಕ್ಕು, ‘ಒಳ್ಳೇ ಪ್ರಶ್ನೆ ಕಣಮ್ಮಾ, ಮುಂದಿನ ಸ್ಲೈಡಿನಲ್ಲಿ ಬರುತ್ತೆ, ಕೂತ್ಕೋ’ ಎಂದು ಬೆರಳಿಂದ ಒತ್ತಿ. ಮುಂದಿನ ಸ್ಲೈಡಿನಲ್ಲಿ ಇಬ್ಬನಿ ಕೂತ ಕೆಂಪು ಗುಲಾಬಿ ತಿರುಗುತ್ತ ತಿರುಗುತ್ತ ಬಂದು ನಿಲ್ಲುತ್ತದೆ, ಅದರ ಕೆಳಗೆ ದೊಡ್ಡಕ್ಷರದಲ್ಲಿ: ‘ಥ್ಯಾಂಕ್ ಯೂ’.